ಮೂವತ್ತರ ಕೆಳಗೆ

ಟಕ್, ಟಕ್, ಟಕ್. ಆರೋಗ್ಯ ಕೇಂದ್ರದ ಹಳೆಯ ತೂಕದ ಯಂತ್ರದ ಪಟ್ಟಿಯ ಮೇಲೆ ನರ್ಸ್ ದೊಬ್ರಿಲಾ ಗುಂಡನ್ನು ಒಂದೊಂದೇ ಗೀರು ಹಿಂದಕ್ಕೆ ಸರಿಸುತ್ತಿದ್ದಳು. ಪಟ್ಟಿ ನೆಟ್ಟಗೆ ನಿಂತಾಗ ಸ್ರೆತೆನ್ ಉಸಿರು ಬಿಟ್ಟ.

"ತೊಂಬತ್ತೆರಡು," ಎಂದಳು. "ಜೂನ್‌ನಲ್ಲಿ ನೂರಮೂರು ಇದ್ದೆ. ಬೂಟು ಹೊಲಿಯೋನು ಬಾಯನ್ನೂ ಹೊಲ್ಕೊಂಡ್ಯೇನೋ?"

"ಹಾಗಾದ್ರೆ ಮೂವತ್ತರ ಕೆಳಗೆ ಬಂದೆ, ಅಕ್ಕ. ನಾನೇ ಲೆಕ್ಕ ಹಾಕಿದೀನಿ."

ತಿಮೋಕ್ ನದಿಯ ದಡದ ನಮ್ಮೂರಿನಲ್ಲಿ ಬೂಟು ರಿಪೇರಿ ಮಾಡುವವನು ಸ್ರೆತೆನ್ ಒಬ್ಬನೇ. ಐವತ್ತೆರಡು ವಯಸ್ಸು, ಮದುವೆಯಿಲ್ಲ. ತಂಗಿ ಸ್ಮಿಲ್ಯಾಳ ಎರಡೂ ಮೂತ್ರಪಿಂಡಗಳು ಕೆಟ್ಟಿವೆ. ವಾರಕ್ಕೆ ಮೂರು ದಿನ ಯಂತ್ರದಲ್ಲಿ ರಕ್ತ ಸೋಸಿಕೊಂಡು ಬರುತ್ತಾಳೆ. ತನ್ನದೊಂದನ್ನು ಕೊಡುತ್ತೇನೆಂದು ಅವನು ಯಾರಿಗೂ ಹೇಳದೆ ದೊಡ್ಡಾಸ್ಪತ್ರೆಗೆ ಹೋಗಿದ್ದ. ರಕ್ತ ಹೊಂದಿತು, ತೂಕ ಹೊಂದಲಿಲ್ಲ. ನಿನ್ನ ಬಿಎಂಐ ಮೂವತ್ತಮೂರು, ಮೂವತ್ತರ ಕೆಳಗೆ ಇಳಿಸಿ ಊರಿನ ನರ್ಸಿನಿಂದ ಬರೆಸಿಕೊಂಡು ಬಾ ಎಂದಿದ್ದರು.

ಅದೇನೆಂದು ದೊಬ್ರಿಲಾ ಆಗಲೇ ಬಿಡಿಸಿ ಹೇಳಿದ್ದಳು. "ನಿನ್ನ ತೂಕ ಕಿಲೋದಲ್ಲಿ, ಎತ್ತರ ಮೀಟರಲ್ಲಿ. ತೂಕಾನ ಎತ್ತರದಿಂದ ಭಾಗಿಸು, ಬಂದದ್ದನ್ನ ಮತ್ತೆ ಎತ್ತರದಿಂದಲೇ ಭಾಗಿಸು. ಹದಿನೆಂಟೂವರೆಯಿಂದ ಇಪ್ಪತ್ತೈದರ ತನಕ ಹದ. ಮೂವತ್ತು ಮುಟ್ಟಿದ್ರೆ ಬೊಜ್ಜು. ಅದೊಂದು ಜರಡಿ ಅಷ್ಟೇ ಕಣಪ್ಪ, ಮಾಂಸ ಯಾವ್ದು ಕೊಬ್ಬು ಯಾವ್ದು ಅದಕ್ಕೆ ಗೊತ್ತಾಗಲ್ಲ. ಆದ್ರೆ ಆಸ್ಪತ್ರೆಯೋರು ಮೊದಲು ಹಿಡಿಯೋದು ಜರಡೀನೇ."

ಅಂದಿನಿಂದ ರಾತ್ರಿಗೆ ಬೀನ್ಸ್ ಸಾರು, ಒಂದೇ ಹೋಳು ಬ್ರೆಡ್ಡು. ಸಂಜೆ ಹಳೆಯ ಗಿರಣಿಯವರೆಗೆ ನಡಿಗೆ. ಹಸಿವನ್ನು ಅವನು ಪಳಗಿಸಿಕೊಂಡ. ಪಳಗದೆ ಉಳಿದದ್ದು ಬೇರೆ. ನಮ್ಮಲ್ಲಿ ಮನೆಗೆ ಬಂದವನಿಗೆ ಮೊದಲು ಬಡಿಸಿ, ಆಮೇಲೆ ಯಾಕೆ ಬಂದೆ ಎಂದು ಕೇಳುತ್ತಾರೆ. ಬೇಡ ಎನ್ನುವವನು ಕಾರಣ ಹೇಳಬೇಕು. ಹೇಳಿದರೆ ಸಂಜೆಯೊಳಗೆ ಸ್ಮಿಲ್ಯಾಳ ಕಿವಿ ಮುಟ್ಟುತ್ತದೆ. ಒಮ್ಮೆ ಸುಳಿವು ಕೊಟ್ಟದ್ದಕ್ಕೇ ಅವಳು, "ನಿನ್ನನ್ನ ಕೊಯ್ಸಿ ನಾನು ಬದುಕಬೇಕಾ ಅಣ್ಣ? ಇನ್ನೊಂದು ಸಲ ಅಂದ್ರೆ ಹೊಸಿಲು ದಾಟಿಸಲ್ಲ," ಎಂದಿದ್ದಳು. ಎಲ್ಲ ಕಾಗದ ಕೈಗೆ ಬಂದ ಮೇಲೇ ಅವಳ ಮುಂದೆ ನಿಲ್ಲಬೇಕು.

ಹಾಗಾಗಿ ಅವನು ಯಾರ ಮನೆಗೂ ಹೋಗುವುದನ್ನು ಬಿಟ್ಟ. ಮೆಲ್ಲಗೆ ಜನರೂ ಬಿಟ್ಟರು. ಅಂಗಡಿಯ ಬೆಂಚಿನ ಮೇಲೆ ಹರಟುತ್ತಿದ್ದವರು ಈಗ ಬೂಟು ಇಟ್ಟು ನಿಂತ ಕಾಲಲ್ಲೇ ಹೊರಡುತ್ತಾರೆ. ಐದು ತಿಂಗಳಿಂದ ಅವನು ಯಾರೆದುರೂ ಕೂತು ಉಂಡಿಲ್ಲ.

ಇಂದು ಸಂತ ದಿಮಿತ್ರಿಯ ದಿನ, ಗೆಳೆಯ ಬ್ಲಾಗೊಯೆಯ ಮನೆದೇವರ ಹಬ್ಬ. ಬ್ಲಾಗೊಯೆಯ ಮಗಳಿಗೆ ಜ್ಞಾನಸ್ನಾನ ಮಾಡಿಸುವಾಗ ಎತ್ತಿ ಹಿಡಿದವನು ಸ್ರೆತೆನ್. ಅವರಿಬ್ಬರೂ ಒಬ್ಬರಿಗೊಬ್ಬರು ಕುಮ್, ರಕ್ತಕ್ಕಿಂತ ಹತ್ತಿರದವರು. ಬೆಳಿಗ್ಗೆ ಮೂವತ್ತರ ಕೆಳಗೆ ಬಂದರೆ ಮಧ್ಯಾಹ್ನ ಅಲ್ಲಿ ಕೂತು ಉಣ್ಣುತ್ತೇನೆಂದು ಅವನು ವಾರದಿಂದ ಕನಸು ಕಂಡಿದ್ದ.

"ಎತ್ತರ ಎಷ್ಟು ಅಂತ ಹಾಕಿದೆ?" ದೊಬ್ರಿಲಾ ಕೇಳಿದಳು.

"ಒಂದು ಮೀಟರು ಎಪ್ಪತ್ತಾರು ಸೆಂಟಿ. ಮಿಲಿಟರಿ ಪುಸ್ತಕದಲ್ಲೇ ಇದೆ. ಆಸ್ಪತ್ರೇಲೂ ಅದನ್ನೇ ಹೇಳಿದೆ."

"ಗೋಡೆಗೆ ಬೆನ್ನು ಕೊಟ್ಟು ನಿಲ್ಲು."

ಹಲಗೆ ಇಳಿದು ಅವನ ನೆತ್ತಿ ಮುಟ್ಟಿತು. "ಎಪ್ಪತ್ತೆರಡು."

ಸ್ರೆತೆನ್ ತನ್ನ ಬರಿಗಾಲನ್ನು ನೋಡಿಕೊಂಡ. ಹತ್ತೊಂಬತ್ತರ ವಯಸ್ಸು, ಬ್ಯಾರಕ್ಕಿನ ಚಳಿ, ಹುಡುಗರ ಉದ್ದ ಸಾಲು. ಎತ್ತರ ಅಳೆಯುವಾಗ ಯಾರೂ ಬೂಟು ಬಿಚ್ಚಿಸಿರಲಿಲ್ಲ. ಮೂವತ್ತು ವರ್ಷ ಊರಿನವರಿಗೆಲ್ಲ ಹಿಮ್ಮಡ ಕಟ್ಟಿಕೊಟ್ಟವನು ತನ್ನ ಬೂಟಿನ ಹಿಮ್ಮಡವನ್ನು ಲೆಕ್ಕದಿಂದ ಕಳೆದಿರಲಿಲ್ಲ.

"ಮೂವತ್ತೊಂದು," ದೊಬ್ರಿಲಾ ಮೆಲ್ಲಗೆ ಹೇಳಿದಳು. "ಇನ್ನು ನಾಲ್ಕು ಕಿಲೋ. ಡಿಸೆಂಬರ್ ಕೊನೆಗೆ ಬಾ. ನಾನು ಸುಳ್ಳು ಬರೆಯೋಕಾಗಲ್ಲಪ್ಪ."

"ಬರಿ ಅಂತ ನಾನೂ ಕೇಳಲ್ಲ."

ಮಧ್ಯಾಹ್ನ ಒಂದು ಬಾಟಲಿ ವೈನ್ ಹಿಡಿದು ಬ್ಲಾಗೊಯೆಯ ಗೇಟಿನ ಮುಂದೆ ನಿಂತ. ಒಳಗಿಂದ ನಗು, ಸುಟ್ಟ ಮಾಂಸದ ಘಮ. ಬಂದವರಿಗೆಲ್ಲ ಮೊದಲು ಪ್ರಸಾದದಂತೆ ಕೊಡುವ ಸಿಹಿ ಗೋಧಿಯ ತಟ್ಟೆ ಹಿಡಿದು ಬ್ಲಾಗೊಯೆ ಹೊರಗೆ ಬಂದ.

"ಬಂದ್ನಪ್ಪಾ ನಮ್ಮ ಸನ್ಯಾಸಿ!"

ಸ್ರೆತೆನ್ ಶಿಲುಬೆಯ ಗುರುತು ಹಾಕಿಕೊಂಡು ಒಂದು ಚಮಚ ಗೋಧಿ ಬಾಯಿಗಿಟ್ಟ. "ಹಬ್ಬ ಚೆನ್ನಾಗಾಗ್ಲಿ, ಕುಮ್. ತಗೋ, ವೈನು. ನಾನು ಒಳಗೆ ಬರಲ್ಲ."

"ಬರಲ್ವಾ? ನಮ್ಮೋಳಿಗೆ ಎರಡು ದಿನದಿಂದ ಎಲೆಕೋಸಲ್ಲಿ ಮಾಂಸ ಸುತ್ತಿ ಸುತ್ತಿ ಬೆರಳು ಸೆಟೆದುಕೊಂಡಿದೆ. ನಿನ್ನ ಕುರ್ಚೀಲಿ ಯಾರನ್ನೂ ಕೂರಿಸಿಲ್ಲ ನಾನು."

"ಗೊತ್ತು."

"ಗೊತ್ತಿದ್ರೆ ಬಾ. ನಾನೇನು ತಪ್ಪು ಮಾಡ್ದೆ, ಅದನ್ನಾದ್ರೂ ಬೊಗಳು."

"ನೀನೇನೂ ಮಾಡಿಲ್ಲ ಮಾರಾಯ."

ಕಾರಣ ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಕಿಟಕಿಯಲ್ಲಿ ಸ್ಮಿಲ್ಯಾ ಕಂಡಳು. ಊದಿದ ಮುಖ, ಎದುರಿಗೆ ಮುಟ್ಟದ ತಟ್ಟೆ. ಅಣ್ಣನನ್ನು ಕಂಡು ಕೈ ಎತ್ತಿದಳು. ಅವನೂ ಕೈ ಎತ್ತಿದ.

"ಏನೋ ಅದು, ಮೂಗನ ಹಾಗೆ? ಜನ ಏನಂತಾರೆ ಗೊತ್ತಾ? ಸ್ರೆತೆನ್‌ಗೆ ಕುಮ್‌ನ ಮನೆ ಊಟ ಹೇಸಿಗೆಯಾಯ್ತು ಅಂತಾರೆ. ಅಂದ್ರೆ ನಾನೇನು ಹೇಳ್ಲಿ? ಒಂದು ತಟ್ಟೆ, ಒಂದೇ ತಟ್ಟೆ... ಏಯ್, ನಿನ್ ಜೊತೇಲೇ ಮಾತಾಡ್ತಿರೋದು..."

ಸ್ರೆತೆನ್ ಆಗಲೇ ಗಿರಣಿಯ ದಾರಿ ಹಿಡಿದಿದ್ದ.