ಮಷೀನಿನ ಮೇಲೆ ಹೊರಿಸಿದ ತಪ್ಪು

ನನ್ನ ನೌಕರಿ ಬಿಡಿಸಲೆಂದೇ ಅಪ್ಪ ಗದಗಿನಿಂದ ಮಲೇಷ್ಯಾಕ್ಕೆ ಬಂದರು. ನನಗೂ ಸೊಂಟ ಹಿಡಿದಿದೆಯೆಂದು ಫೋನಿನಲ್ಲಿ ಕೇಳಿದ್ದೇ ತಡ, ಪಾಸ್‌ಪೋರ್ಟು ಮಾಡಿಸಿ ಎಪ್ಪತ್ತರ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತಿದರು. ಏರ್‌ಪೋರ್ಟಿನಲ್ಲಿ ಅವರನ್ನು ಹುಡುಕುವುದು ಕಷ್ಟವಾಗಲಿಲ್ಲ. ನೆಲ ನೋಡುತ್ತ ನಡೆಯುವವರು ಆ ಗುಂಪಿನಲ್ಲಿ ಅವರೊಬ್ಬರೇ.

ಅಪ್ಪ ದರ್ಜಿಯಾಗಿದ್ದವರು. ಕೋಟು ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಮದುವೆ ಗೊತ್ತಾದ ಮನೆಯವರು ಮೊದಲು ಅಪ್ಪನ ಬಳಿ ಅಳತೆ ಕೊಟ್ಟು, ಆಮೇಲೆ ಛತ್ರ ಹುಡುಕುತ್ತಿದ್ದರಂತೆ. ಮೂವತ್ತು ತುಂಬುವ ಮೊದಲೇ ಅವರಿಗೆ ಬೆನ್ನುನೋವು ಶುರುವಾಯಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಬಗ್ಗಿ ಕೂತು ಹೊಲಿದು ಹೊಲಿದು ಹೀಗಾಗಿದೆ, ಕೆಲಸ ಬಿಡಿ, ಹಲಗೆಯ ಮೇಲೆ ಮಲಗಿ ಎಂದರು ವೈದ್ಯರು. ಅಪ್ಪ ಮಷೀನು ಮಾರಿದರು. ಯಾರದೋ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಬಟ್ಟೆ ತೋರಿಸುವ ಕೆಲಸ ಹಿಡಿದರು, ಉಳಿದ ಹೊತ್ತು ಹಲಗೆಯ ಮೇಲೆ ಮಲಗಿದರು. ಬೆನ್ನು ಮಾತ್ರ ವರ್ಷದಿಂದ ವರ್ಷಕ್ಕೆ ಬಾಗುತ್ತ ಹೋಗಿ, ಕೊನೆಗೆ ಕತ್ತಿನ ಸಮೇತ ಬಿಗಿದುಕೊಂಡಿತು. ಮಷೀನು ಬಿಡುವುದು ತಡವಾಯಿತು, ಅದಕ್ಕೇ ಹೀಗಾಯಿತು ಎಂದು ಅವರು ನಂಬಿದ್ದರು. ನಾವೆಲ್ಲರೂ ನಂಬಿದ್ದೆವು.

ಪುತ್ರಜಯಾದ ಪಕ್ಕದ ಸೈಬರ್‌ಜಯಾದಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವುದು ನನ್ನ ಕೆಲಸ. ಆಫೀಸಿನವರು, ಮಾತಿನ ಕೊನೆಗೊಂದು ಲಾ ಸೇರಿಸುವ ಇಲ್ಲಿಯ ಧಾಟಿಯಲ್ಲಿ, ಇದು ಕುರ್ಚಿ ಪ್ರಾಬ್ಲಮ್ ಲಾ ಎನ್ನುತ್ತಿದ್ದರು. ಅಪ್ಪನದೂ ಅದೇ ರಾಗ, ಅನ್ನಕ್ಕೆ ಕೂತರೂ ಟಿವಿಗೆ ಕೂತರೂ ಅದೇ. ನನ್ನ ತಾಳ್ಮೆ ಮೊದಲೇ ಅಷ್ಟಕ್ಕಷ್ಟೆ. ಒಂದು ದಿನ ಮಾತಿಗೆ ಮಾತು ಬೆಳೆದು, ಡಾಕ್ಟರ ಹತ್ತಿರ ನೀವೂ ಬನ್ನಿ, ಅವರು ಬಿಡು ಎಂದರೆ ಅವತ್ತೇ ರಾಜೀನಾಮೆ ಕೊಡುತ್ತೇನೆ ಎಂದುಬಿಟ್ಟೆ.

ಬಾಂಗ್ಸಾರ್ ಬಡಾವಣೆಯ ಆ ಕೀಲುರೋಗ ತಜ್ಞೆ ಇಲ್ಲಿಯೇ ಹುಟ್ಟಿ ಬೆಳೆದ ತಮಿಳು ಹೆಂಗಸು, ಹೆಚ್ಚುಕಡಿಮೆ ನನ್ನ ವಯಸ್ಸು. ಅಪ್ಪ ಬಾಗಿಲು ದಾಟಿ ಒಳಗೆ ಬಂದದ್ದನ್ನು ನೋಡಿಯೇ ಅವರು ಬರೆಯುವುದನ್ನು ನಿಲ್ಲಿಸಿದರು. ನನ್ನ ಎಂಆರ್‌ಐ ಚಿತ್ರ ತೋರಿಸಿ, ಬೆನ್ನುಮೂಳೆಯ ಬುಡದ ಕೀಲುಗಳಲ್ಲಿ ಉರಿಯೂತ ಇದೆ ಎಂದರು. ಎಕ್ಸ್‌ರೇಗೆ ಇದು ಕಾಣಬೇಕಾದರೆ ಎಷ್ಟೋ ವರ್ಷ ಹಿಡಿಯುತ್ತದೆ, ಅಷ್ಟರಲ್ಲಿ ಮೂಳೆಗೆ ಮೂಳೆ ಅಂಟಿಕೊಂಡಿರುತ್ತದೆ. ಮೈಯನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ. ಮನೆತನದಲ್ಲಿ ಹರಿದು ಬರುತ್ತದೆ. ಕೂತದ್ದರಿಂದ ಬಂದದ್ದಲ್ಲ. ಈಗ ಇಂಜೆಕ್ಷನ್ ಇದೆ, ದಿನಾ ವ್ಯಾಯಾಮ ಬೇಕು. ಮಲಗಿ ವಿಶ್ರಾಂತಿ ತೆಗೆದುಕೊಳ್ಳುವುದೊಂದನ್ನು ಮಾತ್ರ ಮಾಡಬೇಡಿ. ನೌಕರಿ ಬಿಡುವ ಮಾತೇ ಇಲ್ಲ, ನಡುನಡುವೆ ಎದ್ದು ಓಡಾಡಿದರೆ ಸಾಕು.

ಗೆದ್ದ ಮುಖ ಮಾಡಿಕೊಂಡು ನಾನು ಅಪ್ಪನ ಕಡೆ ತಿರುಗಿ ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಅಷ್ಟರಲ್ಲಿ ಡಾಕ್ಟರು ನನ್ನ ಮೂಲಕ ಅಪ್ಪನನ್ನು ಕೇಳಿದರು: ಆಗ ನೋವು ಬೆಳಿಗ್ಗೆ ಹೇಗಿರುತ್ತಿತ್ತು, ಕೆಲಸ ಮಾಡುತ್ತ ಹೋದ ಹಾಗೆ ಹೇಗಾಗುತ್ತಿತ್ತು?

"ಮುಂಜಾನೆ ಕಟ್ಟಿಗಿ ಆಗಿರತಿದ್ದೆ," ಎಂದರು ಅಪ್ಪ. "ಮಷೀನ್ ತುಳಿದು ತುಳಿದು ಮಧ್ಯಾಹ್ನದ ಹೊತ್ತಿಗೆ ಹಗುರ ಆಗತಿತ್ತು. ಇದನ್ನ ಯಾರೂ ಕೇಳೇ ಇರಲಿಲ್ಲ."

ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರು ಕುರ್ಚಿಯನ್ನು ಅಪ್ಪನ ಕಡೆ ಎಳೆದುಕೊಂಡರು. ಅಪ್ಪನದೂ ಇದೇ ಕಾಯಿಲೆಯೆಂದೂ, ಆ ಕಾಲದಲ್ಲಿ ಇದನ್ನು ತೋರಿಸುವ ಯಂತ್ರವಾಗಲಿ ತಡೆಯುವ ಔಷಧವಾಗಲಿ ಇರಲಿಲ್ಲವೆಂದೂ, ಅಂಟಿದ ಮೂಳೆಯನ್ನು ಈಗಿನ ಇಂಜೆಕ್ಷನ್ ಬಿಡಿಸಲಾರದೆಂದೂ ಆಮೇಲೆ ಮೆಲ್ಲಗೆ ಹೇಳಿದರು.

"ಹಂಗಾದ್ರ ಮಷೀನಿಂದೇನೂ ತಪ್ಪಿರಲಿಲ್ಲ?"

ಅಪ್ಪನ ಈ ಪ್ರಶ್ನೆಯನ್ನು ನಾನು ಇಂಗ್ಲಿಷಿನಲ್ಲಿ ಕೇಳಿದೆ. ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು. ಓಡಾಡುತ್ತ, ದುಡಿಯುತ್ತ ಇದ್ದಿದ್ದರೆ ಬೆನ್ನು ಬಹುಶಃ ಇಷ್ಟು ಬಿಗಿಯುತ್ತಿರಲಿಲ್ಲ ಎಂದರು. ಆ ಒಂದು ಮಾತನ್ನು ಕನ್ನಡಕ್ಕೆ ತರುವುದು ನನ್ನಿಂದ ಆಗಲಿಲ್ಲ. ಅಪ್ಪನೂ ಕೇಳಲಿಲ್ಲ.

ಕ್ಲಿನಿಕ್ಕಿನ ಕೆಳಗೆ, ತಮಿಳು ಮುಸ್ಲಿಮರು ನಡೆಸುವ ಮಾಮಾಕ್ ಅಂಗಡಿಯಲ್ಲಿ ಚಹಾ ತರಿಸಿದೆ. ಕತ್ತು ಹಿಂದೆ ಬಾಗದ್ದರಿಂದ ಅಪ್ಪನಿಗೆ ಲೋಟದ ತಳದ ಚಹಾ ಬಾಯಿಗೆ ಬರುವುದಿಲ್ಲ, ಸ್ಟ್ರಾ ಬೇಕು. ಅವತ್ತು ಸ್ಟ್ರಾ ಮುಟ್ಟಲೇ ಇಲ್ಲ. ಚಹಾ ಆರಿ ಕೆನೆಗಟ್ಟಿತು. ಜಗಳ ನಾನು ಗೆದ್ದಿದ್ದೆ. ಸೋತಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು. ಬಾಗಿದ ಬೆನ್ನನ್ನು ಅಪ್ಪ ಇಷ್ಟು ವರ್ಷ ಹೇಗೋ ಸಹಿಸಿಕೊಂಡಿದ್ದರು, ಅದಕ್ಕೊಂದು ಕಾರಣವಿತ್ತು. ಅವರನ್ನು ನಾನೇ ಡಾಕ್ಟರ ಬಳಿ ಕರೆದುಕೊಂಡು ಹೋಗಿ ಆ ಕಾರಣವನ್ನೂ ಕಿತ್ತುಕೊಂಡಿದ್ದೆ.

ಕಾರು ಹೆದ್ದಾರಿಗೆ ಸೇರಿದ ಮೇಲೆ ಅವರು ಮಾತಾಡಿದರು.

"ತುಳಿದ್ರ ಹಗುರ ಆಗತದ ಅಂತ ನನ್ನ ಮೈಗೆ ಗೊತ್ತಿತ್ತು. ದೊಡ್ಡವರು ಹೇಳ್ಯಾರ ಅಂತ ಬಿಟ್ಟೆ." ಆಮೇಲೆ, "ನೀ ಬಿಡಬ್ಯಾಡವಾ," ಎಂದರು.

ಹೂಂ ಎಂದು ಅವರ ಕಡೆ ನೋಡಿದೆ. ಮುಖ ಎತ್ತಲಾಗದ ಅಪ್ಪನ ಕಣ್ಣೀರು ಕೆನ್ನೆಗೆ ಇಳಿಯದೆ ನೇರವಾಗಿ ಮಡಿಲಿಗೆ ಬೀಳುತ್ತಿತ್ತು.