ಬಾಗಿಲು ಕಾಣದ ಗೋಡೆ

ಎದುರಿಗೆ ಸಿಕ್ಕಾಗ ಬರೀ ಅಕ್ಕ, ಬೆನ್ನ ಹಿಂದೆ ಷೋರೂಮಕ್ಕ. ಈ ಹೆಸರಿಟ್ಟವಳು ಎದುರುಮನೆಯ ಟೈಲರಮ್ಮ. ಒಂದು ದಿನ ಸಕ್ಕರೆ ಕೇಳಲು ಹೋದವಳಿಗೆ ಆ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯೂ ಕಾಣಲಿಲ್ಲ, ಒಲೆಯೂ ಕಾಣಲಿಲ್ಲ. "ಅಲ್ಲಿ ಇರೋದು ಮನುಷ್ಯರಾ, ನಿಲ್ಲಿಸಿದ ಗೊಂಬೆಗಳಾ ಅಂತ ಚಿವುಟಿ ನೋಡಬೇಕು ಕಣ್ರೇ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಅಕ್ಕನ ಗಂಡ ಮರಗೆಲಸದಿಂದ ಮೇಲೆ ಬಂದವನು. ಮೊದಲು ಬಾಗಿಲು ಕಿಟಕಿ ಮಾಡುತ್ತಿದ್ದ, ಆಮೇಲೆ ಮನೆಗಳ, ಹೋಟೆಲುಗಳ ಒಳಾಂಗಣ ಹಿಡಿದ. ಉಳಿ ಹಿಡಿಯುತ್ತಿದ್ದ ಕೈ ಈಗ ಬಣ್ಣದ ಮಾದರಿಗಳನ್ನು ಹಿಡಿಯುತ್ತಿತ್ತು. ಗಿರಾಕಿಗಳಿಗೆ ತೋರಿಸಲು ಬೇರೆ ಜಾಗ ಯಾಕೆಂದು ತನ್ನ ಮನೆಯನ್ನೇ ಮಾದರಿ ಮಾಡಿಬಿಟ್ಟ. "ಜನಕ್ಕೆ ಬಾಯಲ್ಲಿ ಹೇಳಿದರೆ ಹತ್ತಲ್ಲ. ಬದುಕೋ ಮನೆ ಕಣ್ಣಿಗೆ ಕಾಣಬೇಕು" ಎನ್ನುತ್ತಿದ್ದ. ಬದುಕುವ ಮನೆಯೆಂದರೆ ಬದುಕಿದ ಗುರುತೇ ಇಲ್ಲದ ಮನೆ ಎಂಬುದು ಅಕ್ಕನಿಗೆ ಬೇಗ ಅರ್ಥವಾಯಿತು.

ಗಿರಾಕಿಗಳ ಜೊತೆ ದಾರಿಯಲ್ಲಿದ್ದೇನೆ ಎಂದು ಅವನ ಫೋನು ಬಂದರೆ ಸಾಕು, ಅವಳ ಕೈಗೆ ಕಾಲು ಬರುತ್ತಿತ್ತು. ಅರ್ಧ ಹೆಚ್ಚಿದ ಈರುಳ್ಳಿ ಹಲಗೆಯ ಸಮೇತ ಬೀರುವಿನೊಳಗೆ. ಒದ್ದೆ ಬಟ್ಟೆ ಹಗ್ಗದಿಂದ ಬಕೆಟ್ಟಿಗೆ, ಬಕೆಟ್ಟು ಬಚ್ಚಲಿಗೆ. ಕರಿ ಕಲ್ಲಿನ ಮೇಲೆ ಬಿದ್ದ ಬೆರಳಿನ ಗುರುತು, ನಲ್ಲಿಯ ತುದಿಯಲ್ಲಿ ನಿಂತ ಹನಿ, ಒಗ್ಗರಣೆಯ ವಾಸನೆ, ಎಲ್ಲವನ್ನೂ ಓಡಿಸಿ, ಬೆವರು ಒರೆಸಿಕೊಂಡು, ಬೇರೆ ಬಟ್ಟೆ ಉಟ್ಟು ಬಾಗಿಲಲ್ಲಿ ನಗಬೇಕು. ಬಂದ ಗಂಡಸರು ದೀಪಗಳನ್ನು ನೋಡುತ್ತಿದ್ದರು. ಅವರ ಹೆಂಡತಿಯರು ಅವಳ ಕೈಗಳನ್ನು ನೋಡುತ್ತಿದ್ದರು. "ನಿಜ ಹೇಳಿ ಅಕ್ಕ, ಇದನ್ನೆಲ್ಲ ಹೀಗೇ ಇಟ್ಟುಕೊಳ್ಳೋಕೆ ಆಗುತ್ತಾ?" ಎಂದು ಒಬ್ಬಳು ಪಿಸುಗುಟ್ಟಿದ್ದಳು. ಗಂಡ ಪಕ್ಕದಲ್ಲೇ ಇದ್ದ. "ಅಭ್ಯಾಸ ಆಗುತ್ತೆ" ಎಂದಳು ಅಕ್ಕ.

ಅಭ್ಯಾಸವಾಗದ ಒಂದು ಸಂಗತಿಯೆಂದರೆ ಅವಳ ತಾಯಿ.

ಆ ತಾಯಿ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಜೀವ ಸವೆಸಿದವಳು. ಯಾರು ಯಾರದೋ ಹಾಸಿಗೆಯ ರಕ್ತ, ಉಚ್ಚೆ, ಕೀವು ತೊಳೆದು ಮಕ್ಕಳನ್ನು ಸಾಕಿದಳು. ಪಾರ್ಶ್ವವಾಯು ಬಡಿದು ಎಡಗೈ ಎಡಗಾಲು ಬಿದ್ದುಹೋದಾಗ ಮಗ "ಅಕ್ಕನ ಮನೆ ಅರಮನೆ ಥರ ಇದೆ, ಅಲ್ಲೇ ಸುಖವಾಗಿರ್ತಾಳೆ" ಎಂದು ಕೈ ತೊಳೆದುಕೊಂಡ. ನಡುಮನೆಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಕಬ್ಬಿಣದ ಮಂಚ ಬಿತ್ತು. ಪಕ್ಕದಲ್ಲಿ ಔಷಧಿ ಬಾಟಲಿ, ಕಾಲುಮಡಿಸಲಾರದವರು ಕೂತು ಮಲಮೂತ್ರ ಮಾಡುವ ಕುರ್ಚಿ.

ಒಬ್ಬ ಗಿರಾಕಿ ತೆರೆದ ಬಾಗಿಲಿನಿಂದ ಅದನ್ನು ಕಂಡು, ಮೂಗು ಮುಚ್ಚಿಕೊಳ್ಳದೆಯೇ ಮೂಗು ಮುಚ್ಚಿಕೊಂಡವನಂತೆ ಹೊರಟುಹೋದ. ಆ ಕೆಲಸ ತಪ್ಪಿತು.

"ಅತ್ತೆ ಮೇಲೆ ನನಗೇನು ಕೋಪನಾ?" ಎಂದ ಗಂಡ. "ಆದರೆ ಮನೆ ನೋಡೋಕೆ ಬಂದವರಿಗೆ ಆಸ್ಪತ್ರೆ ತೋರಿಸೋಕೆ ಆಗುತ್ತೇನೇ? ವೃದ್ಧಾಶ್ರಮ ಒಂದಿದೆ. ವಿಚಾರಿಸಿಟ್ಟಿದೀನಿ."

ಅಕ್ಕ ಆ ಆಶ್ರಮವನ್ನು ಬಲ್ಲಳು. ಅಲ್ಲಿನ ಹಾಸಿಗೆಬಟ್ಟೆಗಳೂ ಆಸ್ಪತ್ರೆಗೇ ಬಂದು ಅಮ್ಮನ ಕೈಯಲ್ಲೇ ಒಗೆಸಿಕೊಳ್ಳುತ್ತಿದ್ದವು. ಅವು ಯಾವ ಸ್ಥಿತಿಯಲ್ಲಿ ಬರುತ್ತಿದ್ದವೆಂದು ಅಮ್ಮ ಊಟದ ಹೊತ್ತಿಗೆ ಹೇಳುತ್ತಿರಲಿಲ್ಲ, ಬೇರೆ ಹೊತ್ತಿನಲ್ಲಿ ಹೇಳಿದ್ದಳು.

"ಕಾಣದ ಹಾಗೆ ಮಾಡಿದರೆ ಆಯ್ತಲ್ಲ?" ಎಂದಳು.

ಹಾಗೆ ಹುಟ್ಟಿದ್ದು ಆ ಗೋಡೆ. ನಡುಮನೆಯ ಈ ಮೂಲೆಯಿಂದ ಆ ಮೂಲೆಯವರೆಗೆ ಉದ್ದುದ್ದ ಮರದ ಪಟ್ಟಿಗಳು, ಅವುಗಳ ನಡುವೆ ಸಣ್ಣ ಸಂದು. ಬಾಗಿಲು ಆ ಪಟ್ಟಿಗಳಲ್ಲೇ ಕರಗಿಹೋಗಿತ್ತು. ಚೌಕಟ್ಟಿಲ್ಲ, ಚಿಲಕವಿಲ್ಲ, ಹಿಡಿಯಿಲ್ಲ. ಗೊತ್ತಿದ್ದವರು ಒಂದು ಜಾಗದಲ್ಲಿ ಒತ್ತಿದರೆ ಟಕ್ಕೆಂದು ತೆರೆಯುತ್ತದೆ. ಗಂಡನ ಗಿರಾಕಿಗಳಿಗೆ ಪರದೆಯ ನೆರಿಗೆ ಹಿಡಿದುಕೊಟ್ಟು ಪಳಗಿದ್ದ ಅಕ್ಕನೇ ಪಟ್ಟಿಗಳ ಅಂತರ ಹೊಂದಿಸಿದ್ದು. ಗಂಡ ಒಳಗಡೆ ಯಾವುದೋ ಹೋಟೆಲಿನಲ್ಲಿ ಉಳಿದಿದ್ದ ಸದ್ದು ನುಂಗುವ ಹಲಗೆಗಳನ್ನು ಬಡಿಸಿದ. "ಅತ್ತೆಗೆ ಹೊರಗಿನ ಗಲಾಟೆ ಬೇಡ" ಎಂದ. ಒಳಗಿನ ಕೆಮ್ಮು ಹೊರಗೆ ಬೇಡ ಎಂಬುದನ್ನು ಅವನು ಹೇಳಬೇಕಾಗಿರಲಿಲ್ಲ. ಗಿರಾಕಿಗಳು ಇರುವಷ್ಟು ಹೊತ್ತು ಬಾಗಿಲು ತೆರೆಯಕೂಡದು. ಅದೇ ಷರತ್ತು. ತಪ್ಪಿದರೆ ಆಶ್ರಮ.

ಅಮ್ಮ ಗೋಡೆಯನ್ನೊಮ್ಮೆ ನೋಡಿದಳು. "ಅತ್ತೇನ ಬೀರುವಿನಲ್ಲಿಟ್ಟ ಅಳಿಯ ಊರಿಗೆಲ್ಲ ಇವನೊಬ್ಬನೇ ಇರಬೇಕು" ಎಂದು ಸೊಟ್ಟ ಬಾಯಲ್ಲೇ ನಕ್ಕಳು. "ಹೋಗಲಿ ಬಿಡು ಮಗಾ, ಮಡಚಿ ಇಸ್ತ್ರಿ ಹಾಕದಿದ್ದರೆ ಸಾಕು."

ಮಂಚದ ತಲೆಯ ಬಳಿ ಒಂದು ಕಡೆ ಹಲಗೆ ಸಾಲದೆ ಬರೀ ಮರ ಉಳಿದಿತ್ತು. ಏನಾದರೂ ಬೇಕಾಗಿ ಅಲ್ಲಿ ಅಮ್ಮ ಬಾಚಣಿಗೆಯಿಂದ ಬಡಿದರೆ ಹೊರಗೆ ಕೇಳುತ್ತಿರಲಿಲ್ಲ, ಆದರೆ ಆ ಪಟ್ಟಿಗೆ ಬೆನ್ನು ಕೊಟ್ಟು ನಿಂತರೆ ಬೆನ್ನಿಗೆ ಗೊತ್ತಾಗುತ್ತಿತ್ತು. ಗಿರಾಕಿಗಳು ಬಂದಾಗ ಅಕ್ಕ ಅಲ್ಲೇ ಒರಗಿ ನಿಲ್ಲುವುದನ್ನು ರೂಢಿ ಮಾಡಿಕೊಂಡಳು. ಬಡಿತ ಬಂದರೆ ಏನಾದರೊಂದು ನೆಪ ಹೇಳಿ ಜನರನ್ನು ಬೇಗ ಹೊರಡಿಸುತ್ತಿದ್ದಳು. ಹಾಲು ಉಕ್ಕುತ್ತಿದೆ, ನೀರು ನಿಂತುಹೋಗುತ್ತದೆ, ಏನೋ ಒಂದು.

ಹೋಟೆಲಿನ ಮಾಲೀಕ ಹೆಂಡತಿಯೊಡನೆ ಬಂದ ದಿನ ಯಾವ ನೆಪವೂ ನಡೆಯಲಿಲ್ಲ. ಅವನದು ದೊಡ್ಡ ಊಟದ ಹೋಟೆಲು, ಅಷ್ಟು ದೊಡ್ಡ ಕೆಲಸ ಗಂಡನಿಗೆ ಎಂದೂ ಸಿಕ್ಕಿರಲಿಲ್ಲ. ಮಾಲೀಕ ಗೋಡೆಯ ಮುಂದೆ ನಿಂತುಬಿಟ್ಟ.

"ಇದು ನನಗೆ ಬೇಕು. ಊಟ ಮಾಡೋರಿಗೆ ಪಾತ್ರೆ ತೊಳೆಯೋ ಜಾಗ ಕಾಣಬಾರದು. ಆದರೆ ಒಳಗೆ ಹೋಗೋದು ಹೇಗೆ?"

ಗಂಡನಿಗೆ ಹೆಮ್ಮೆ ತಡೆಯಲಾಗಲಿಲ್ಲ. "ಇದರಲ್ಲೇ ಒಂದು ಬಾಗಿಲಿದೆ ಸಾರ್. ಹುಡುಕಿ ನೋಡಣ!"

ಗಂಡ ಹೆಂಡತಿ ಇಬ್ಬರೂ ಮಕ್ಕಳಂತೆ ಪಟ್ಟಿಗಳನ್ನು ಸವರತೊಡಗಿದರು. ಆಗ ಅಕ್ಕನ ಬೆನ್ನಿಗೆ ಬಡಿತ ಬಂತು. ಮೆಲ್ಲಗೆ. ಸ್ವಲ್ಪ ಬಿಟ್ಟು ಮತ್ತೆ, ಅವಸರದಲ್ಲಿ.

"ಸ್ವಲ್ಪ ಸರೀರಿ ಅಕ್ಕ, ನಿಮ್ಮ ಹಿಂದೆ ನೋಡ್ತೀವಿ" ಎಂದಳು ಮಾಲೀಕನ ಹೆಂಡತಿ.

ಅಕ್ಕ ಸರಿಯಲಿಲ್ಲ. ಸರಿದರೆ ಅವರ ಕೈ ಸರಿಯಾದ ಜಾಗಕ್ಕೇ ಬೀಳುತ್ತದೆ, ಬಾಗಿಲು ತೆರೆಯುತ್ತದೆ, ನಾಳೆ ಅಮ್ಮನ ಮಂಚ ಆಶ್ರಮದಲ್ಲಿರುತ್ತದೆ. ಸರಿಯದಿದ್ದರೆ ಅಮ್ಮ ಬಡಿಯುತ್ತಲೇ ಇರುತ್ತಾಳೆ. ಹಲ್ಲು ಕಚ್ಚಿ ನಕ್ಕಳು.

"ಗೋಡೆಗೂ ಕಿವಿ ಇರುತ್ತೆ ಅಂತಾರೆ. ನಿಮ್ಮ ಗೋಡೆಗೆ ಬಾಗಿಲೂ ಇಲ್ಲವಲ್ರೀ!" ಎಂದು ಮಾಲೀಕ ಸೋತು ಕೂತ. ಎಲ್ಲರೂ ನಕ್ಕರು. ಬಡಿತ ನಿಂತಿತು. ಅಮ್ಮನಿಗೆ ನಿದ್ದೆ ಹತ್ತಿರಬೇಕು ಎಂದು ಅಕ್ಕ ತನಗೆ ತಾನೇ ಹೇಳಿಕೊಂಡಳು. ಚಹಾ ಮಾಡಿದಳು, ಇನ್ನೊಮ್ಮೆ ಮಾಡಿದಳು. ದೀಪ, ಕುರ್ಚಿ, ನೆಲದ ಮಾತು ಮುಗಿಯುವ ಹಾಗಿರಲಿಲ್ಲ.

ಅವರು ಮೆಟ್ಟಿಲಿಳಿದ ಮೇಲೆ ಒತ್ತಿ ತೆರೆದರೆ, ಅಮ್ಮ ಮಂಚದ ಅಂಚಿನಲ್ಲಿ ಕೂತಿದ್ದಳು. ಹಾಸಿಗೆ ಒದ್ದೆ, ಉಟ್ಟ ಬಟ್ಟೆ ಒದ್ದೆ, ನೆಲವೂ ಒದ್ದೆ. ಬಾಗಲಾರದ ಮೈಯನ್ನು ಬಾಗಿಸಿ, ಆಡುವ ಒಂದು ಕೈಯಲ್ಲಿ ತನ್ನ ಶಾಲಿನಿಂದ ನೆಲ ಒರೆಸುತ್ತಿದ್ದಳು.

"ಗಿರಾಕಿ ಒಪ್ಪಿದರಾ?" ಎಂದು ಕೇಳಿದಳು.

"ಹ್ಞೂಂ ಅಮ್ಮ."

"ಸದ್ಯ."

ಅಂದಿನಿಂದ ಅಮ್ಮ ಬಡಿಯಲಿಲ್ಲ. ಬದಲಿಗೆ ನೀರು ಕುಡಿಯುವುದನ್ನು ಬಿಟ್ಟಳು. ಗಿರಾಕಿ ಬರುವ ದಿನವಂತೂ ಬೆಳಗಿನಿಂದ ಗುಟುಕೂ ಇಲ್ಲ. "ಬಾಯಾರಿಕೆನೇ ಇಲ್ಲ ಕಣೇ" ಎಂದು ಲೋಟವನ್ನು ದೂರ ತಳ್ಳುತ್ತಿದ್ದಳು. ತುಟಿ ಒಡೆದಿತ್ತು. ಅಕ್ಕ ಬೈದಳು, ಬೇಡಿಕೊಂಡಳು, ಚಮಚದಲ್ಲಿ ಹಾಕಲು ನೋಡಿದಳು. ಬಾಯಿ ಬಿಗಿಹಿಡಿಯುವುದರಲ್ಲಿ ಮುದುಕಿಯ ಮುಂದೆ ಯಾರೂ ಇಲ್ಲ. ಮೂತ್ರದ ಸೋಂಕು, ಜ್ವರ, ಆಮೇಲೆ ಅರ್ಥವಾಗದ ಬಡಬಡಿಕೆ. ಆಸ್ಪತ್ರೆಯ ಡಾಕ್ಟರು "ನೀರು ಕೊಡ್ತಿರಲಿಲ್ವಾ?" ಎಂದು ಕೇಳಿದಾಗ ಗಂಡ ಉತ್ತರಿಸಿದ: "ವಯಸ್ಸಾದವರು, ಹಟ ಜಾಸ್ತಿ." ಅಮ್ಮ ತೀರಿಕೊಂಡದ್ದು ತಾನು ಒಗೆಯುತ್ತಿದ್ದಂಥದೇ ಒಂದು ಹಾಸಿಗೆಬಟ್ಟೆಯ ಮೇಲೆ.

ಕೋಣೆ ಖಾಲಿಯಾಯಿತು. ಗಂಡ ಒಳಗೆ ಬಣ್ಣ ಬಳಿಸಿ, ಗಾಜಿನ ಕಪಾಟು ಇಟ್ಟು, ಮೇಲೊಂದು ದೀಪ ತೂಗುಹಾಕಿದ. "ಇನ್ನು ಮೇಲೆ ಧೈರ್ಯವಾಗಿ ತೆರೆದೇ ತೋರಿಸಬಹುದು" ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವನಿಗೆ ನಿಜವಾಗಿ ಸಂತೋಷವಾಗಿತ್ತು, ಅಷ್ಟೇ.

ಹೋಟೆಲಿನ ಮಾಲೀಕ ತನ್ನ ಪಾಲುದಾರನನ್ನು ಕರೆತರುವ ದಿನ ಬೆಳಿಗ್ಗೆ ಅಕ್ಕ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬಾಗಿಲಿನ ಎರಡು ಹಿಡಿ ತಂದಳು. ಆಸ್ಪತ್ರೆಯ ಕಕ್ಕಸಿನ ಬಾಗಿಲಿಗೆ ಹಾಕುವಂಥ ದಪ್ಪ ಸ್ಟೀಲಿನ ಹಿಡಿ, ಬಲವಿಲ್ಲದ ಕೈಗೂ ಸಿಗುವಂಥದು. ಗಂಡನ ಡ್ರಿಲ್ಲು ತೆಗೆದು ತಾನೇ ತೂತು ಕೊರೆದಳು. ಸೊಟ್ಟಗೆ ಕೂತಿತು. ಬಾಗಿಲಿನ ಒಳಮೈಗೂ ಒಂದು ಹಾಕಿದಳು.

"ಹುಡುಕಿ ನೋಡಣ ಸಾರ್" ಎನ್ನುತ್ತ ಒಳಗೆ ಬಂದ ಗಂಡ ಅಲ್ಲೇ ನಿಂತ.

"ಇದೇನೇ ಇದು?"

"ಹಿಡಿ."

"ಗೊತ್ತಾಯ್ತು ಹಿಡಿ ಅಂತ! ಯಾಕೆ ಹಾಕಿದೆ?"

"ಅಲ್ಲಿ ಬಾಗಿಲಿದೆಯಲ್ಲ, ಅದಕ್ಕೆ."

ಪಾಲುದಾರ ಕೆಮ್ಮಿದ. ಮಾಲೀಕ ದೀಪಗಳ ಮಾತೆತ್ತಿದ. ಅವರು ಹೋದದ್ದೇ ಗಂಡ ಹಿಡಿಯನ್ನು ಕಿತ್ತು, ತೂತಿಗೆ ಪುಟ್ಟಿ ತುಂಬಿ ಪಾಲಿಶ್ ಹೊಡೆದ. ಬಣ್ಣ ಹೊಂದಲಿಲ್ಲ. ಮರುದಿನ ಅವಳು ಸ್ವಲ್ಪ ಕೆಳಗೆ ಮತ್ತೆ ಹಾಕಿದಳು. ಅವನು ಕೂಗಾಡಿದ, ಕಿತ್ತ. ಅವಳು ಕೂಗಾಡಲಿಲ್ಲ, ಹಾಕಿದಳು. ಹೀಗೇ ನಡೆದು ಪಟ್ಟಿಗಳೆಲ್ಲ ಹುಳು ತಿಂದ ಹಾಗಾದವು. ಕೊನೆಗೆ ಅವನೇ ಸೋತು ಮುಖ್ಯರಸ್ತೆಯಲ್ಲಿ ಬೇರೆ ಮಳಿಗೆ ಹಿಡಿದ. ಹೋಟೆಲಿನಲ್ಲಿ ಮಾತ್ರ ಗೋಡೆ ಎದ್ದಿತು. ಊಟಕ್ಕೆ ಹೋದವರು ಬಾಗಿಲು ಹುಡುಕಿ ಚಪ್ಪಾಳೆ ತಟ್ಟುತ್ತಾರಂತೆ. ಅದರಾಚೆ ಹೆಂಗಸರು ಪಾತ್ರೆ ತೊಳೆಯುತ್ತಾರೆ. ಅಕ್ಕ ಅತ್ತ ಕಾಲಿಟ್ಟಿಲ್ಲ.

ಈಗ ಆ ಮನೆಯಲ್ಲಿ ಸಕ್ಕರೆ ಡಬ್ಬಿ ಕಟ್ಟೆಯ ಮೇಲೇ ಇರುತ್ತದೆ, ಒದ್ದೆ ಬಟ್ಟೆ ಕುರ್ಚಿಯ ಮೇಲಿರುತ್ತದೆ. ಟೈಲರಮ್ಮ ಹೋಗಿ ಕೂತು ಹರಟುತ್ತಾಳೆ. ಅಕ್ಕ ಮಾತ್ರ ಕೂರುವುದಿಲ್ಲ, ಆ ಗೋಡೆಗೇ ಒರಗಿ ನಿಲ್ಲುತ್ತಾಳೆ. ಒಮ್ಮೊಮ್ಮೆ ಮಾತಿನ ನಡುವೆ, ಬೆನ್ನಿಗೇನೋ ಬಡಿದವಳಂತೆ, ತಟ್ಟನೆ ತಿರುಗಿ ನೋಡುತ್ತಾಳೆ.

"ಯಾಕಕ್ಕ?"

"ಏನಿಲ್ಲ ತಾಯಿ, ಬಂದೆ" ಎನ್ನುತ್ತಾಳೆ. ಚಹಾ ಲೋಟ ಕೆಳಗಿಟ್ಟು, ಸೊಟ್ಟ ಹಿಡಿಯನ್ನು ಎಳೆದು, ಒಳಗೆ ಇಣುಕಿ ಬರುತ್ತಾಳೆ.