ಅಪ್ಪ ಬಿಡುವ ಅರ್ಧ ಲೋಟ

ಆರ್.ಟಿ. ನಗರದ ದರ್ಶಿನಿಯಲ್ಲಿ ಅಪ್ಪ ಇವತ್ತೂ ಅರ್ಧ ಲೋಟ ಕಾಫಿ ಬಿಟ್ಟಿದ್ದಾರೆ. ಅರ್ಧವೇ ಸಾಕಾದರೆ ಬೈ-ಟೂ ಹೇಳಬಾರದೇ ಎಂದು ಎಷ್ಟೋ ಸಲ ವಾದಿಸಿದ್ದೇನೆ. ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಮನೆಗೆ ಹೊತ್ತು ತಂದವನಿಗೆ ಕಾಫಿಯೂ ಒಂದು ವಿಷಯವೇ. ಆದರೆ ಈ ಲೋಟದ ಹಿಂದೆ ಒಬ್ಬ ನ್ಯಾಯಮೂರ್ತಿ ಇದ್ದಾರೆ, ಕೇಳಿ.

ಅವರು ರಂಗಪ್ಪ ಅಂಕಲ್. ಅಪ್ಪನೂ ಅವರೂ ಒಂದೇ ವರ್ಷ ಕರಿ ಕೋಟು ತೊಟ್ಟ ವಕೀಲರು. ದಿನಾ ಬೆಳಿಗ್ಗೆ ಹೆಬ್ಬಾಳ ಕೆರೆಯ ಕಡೆ ನಡೆದು ಬಂದು, ಇಲ್ಲೇ ನಿಂತು ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಂಡು, ಹಿಂದಿನ ದಿನ ಸೋತ ಕೇಸುಗಳನ್ನೆಲ್ಲ ಮತ್ತೆ ವಾದಿಸಿ ಗೆಲ್ಲುತ್ತಿದ್ದರು. ನನಗೆ ವಾದದ ಹುಚ್ಚು ಹತ್ತಿದ್ದೇ ಅವರನ್ನು ಕೇಳಿ.

ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ವರ್ಷ ಅಂಕಲ್ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಪ್ರಮಾಣವಚನಕ್ಕೆ ಮುಂಚೆ ಮನೆಗೆ ಬಂದು, ಇನ್ನು ಜೊತೆಗೆ ಕಾಫಿ ಬೇಡ ಎಂದರು. ನಿನ್ನ ಎದುರು ಪಕ್ಷದವರು ನಮ್ಮಿಬ್ಬರನ್ನು ಒಟ್ಟಿಗೆ ಕಂಡರೆ ನನ್ನ ತೀರ್ಪನ್ನು ಯಾಕೆ ನಂಬಬೇಕು ಎಂಬುದು ಅವರ ಪ್ರಶ್ನೆ. ಅಪ್ಪ ತಲೆಯಾಡಿಸಿದರು. ಆಮೇಲೆ ಅಂಕಲ್ ಮದುವೆ, ಗೃಹಪ್ರವೇಶ ಯಾವುದಕ್ಕೂ ಬರಲಿಲ್ಲ. ಅವರಿಗೆ ಎಷ್ಟೋ ದಿನ ಬಡಿಸಿದ್ದ ನಮ್ಮಜ್ಜಿ ತೀರಿಕೊಂಡಾಗಲೂ ಬರಲಿಲ್ಲ. ಅಪ್ಪನ ಅಪೀಲು ತಮ್ಮ ಮುಂದೆ ಬಂದರೆ ಬೇರೆ ಪೀಠಕ್ಕೆ ಕಳಿಸುತ್ತಿದ್ದರು. ಕೇಸು ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತಿತ್ತು. "ಜಡ್ಜು ನಿಮ್ ದೋಸ್ತು ಅಂತ ಬಂದ್ವಿ ಸಾರ್" ಎಂದು ಗೊಣಗುತ್ತ ಕಕ್ಷಿದಾರರು ಒಬ್ಬೊಬ್ಬರೇ ಫೈಲು ವಾಪಸು ಒಯ್ದರು.

ಇದು ನ್ಯಾಯವಲ್ಲ, ಬರೀ ಜಂಭ ಎಂದು ನಾನು ಹಾರಾಡುತ್ತಿದ್ದೆ. ಅಪ್ಪ ಮಾತ್ರ ಸದಾ ಗೆಳೆಯನ ಪರ. "ಆ ಕುರ್ಚೀಲಿ ಕೂತೋನು ಹಂಗೇ ಇರ್ಬೇಕು ಕಣೋ." ನಿಜ ಹೇಳಬೇಕೆಂದರೆ, ಪಕ್ಷ ಬದಲಿಸಿ ಆ ಕಡೆಯಿಂದ ವಾದಿಸಿದ್ದರೂ ನಾನು ಕಪ್ಪು ಗೆಲ್ಲುತ್ತಿದ್ದೆ. ಅಜ್ಜಿಯ ಹೆಣದ ಮುಂದೆ ಮಾತ್ರ ಆ ವಾದ ನಿಲ್ಲುತ್ತಿರಲಿಲ್ಲ.

ನಿವೃತ್ತಿಯಾದ ವಾರವೇ ಅಂಕಲ್ ಫೋನ್ ಮಾಡಿ ಹಳೇ ಜಾಗಕ್ಕೆ ಕರೆದರು. ಅಪ್ಪ ಆಯಿತೆಂದರು. ಮರುದಿನ ಬೆಳಿಗ್ಗೆ ಶೂ ಹಾಕಿ, ಲೇಸು ಕಟ್ಟಿ, ಒಂದಷ್ಟು ಹೊತ್ತು ಕೂತಿದ್ದು, ಮತ್ತೆ ಬಿಚ್ಚಿದರು. ಈಗ ನಾನು ಅಂಕಲ್ ಕಡೆಯ ವಕೀಲ. ಅವರದು ತಪ್ಪಿಲ್ಲವೆಂದು ಇಷ್ಟು ವರ್ಷ ಹೇಳಿದ್ದು ನೀವೇ ಅಲ್ಲವೇ ಎಂದೆ.

"ತಪ್ಪಿಲ್ಲ ಕಣೋ. ಅವನನ್ನ ಅರ್ಥ ಮಾಡ್ಕೊಂಡು ಮಾಡ್ಕೊಂಡು ನಂಗೆ ಸಾಕಾಗಿದೆ."



ಪಾಪ, ಕಾಯುತ್ತಿರುತ್ತಾರೆಂದು ನಾನೇ ಹೋದೆ. ಕಾರಿಲ್ಲ, ಹಿಂದೆ ಮುಂದೆ ಜನವಿಲ್ಲ. ಸ್ವೆಟರ್ ಹಾಕಿಕೊಂಡ ಅಂಕಲ್ ಎರಡು ಅರ್ಧ ಲೋಟಗಳನ್ನು ಎದುರಿಟ್ಟುಕೊಂಡು ನಿಂತಿದ್ದರು. ಅಪ್ಪನಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಶುರು ಮಾಡಿದೆ. ವಕೀಲರ ನೆಪ ಕೇಳಿ ಪಳಗಿದ ಕಿವಿ, ನಡುವೆಯೇ ತಡೆಯಿತು.

"ಬರಲ್ಲ ಅಂದ್ನಾ?"

ಹೌದೆಂದೆ.

"ಸರಿಯಾಗೇ ಇದೆ ತೀರ್ಪು. ನಾನಾಗಿದ್ರೂ ಎತ್ತಿ ಹಿಡೀತಿದ್ದೆ."

ತಮ್ಮ ಲೋಟ ಮುಗಿಸಿದರು. ಅಪ್ಪನ ಲೋಟದಲ್ಲಿ ಕೆನೆ ಕಟ್ಟಿತ್ತು. ಅದನ್ನು ಸ್ವಲ್ಪ ಆಚೆ ಸರಿಸಿ, ಹೊರಟುಹೋದರು.

ಮುಂದಿನ ಬೇಸಿಗೆ ನೋಡಲು ಅಂಕಲ್ ಉಳಿಯಲಿಲ್ಲ. ಅಪ್ಪ ಅಂತ್ಯಕ್ರಿಯೆಗೆ ಹೋಗಿ, ಹಿಂದೆ ನಿಂತು ಬಂದರು. ಹಿಂದೆ ನಿಲ್ಲುವಷ್ಟು ಜನವೇ ಇರಲಿಲ್ಲ ಎಂದರು. ಈ ಪೂರ್ತಿ ಕಾಫಿ ಹೇಳಿ ಅರ್ಧ ಬಿಡುವುದು ಅಲ್ಲಿಂದ ಈಚೆಗೆ.

ಈಗ ಟೇಬಲ್ ಒರೆಸುವಾಕೆ ಬಂದು ಆ ಲೋಟಕ್ಕೆ ಕೈ ಹಾಕಿದರು. "ಆಯ್ತಾ ಸಾರ್, ಎತ್ಲಾ?"

ಅಪ್ಪ ಎಲ್ಲೋ ನೋಡುತ್ತಿದ್ದರು.

"ಇರ್ಲಿ ಅಮ್ಮ, ಇನ್ನೊಂದ್ ಸ್ವಲ್ಪ ಹೊತ್ತು" ಎಂದೆ.